ಮುರಿದ ತುಂಡು ಎಲ್ಲಿದೆ?

ಸೈಕಲ್ ಸವಾರರಲ್ಲಿ ಈಗ ಒಂದು ನಂಬಿಕೆ ಬೇರೂರಿದೆ. ಹಿಂದೆ ಕಂಪನಿಗಳು ತಮ್ಮ ತಪ್ಪು ಮುಚ್ಚಿಡುತ್ತಿದ್ದವು, ಈಗ ಹಾಗೆ ನಡೆಯದು; ಸ್ಪರ್ಧೆಯಲ್ಲಿ ಹ್ಯಾಂಡಲ್ ಮುರಿದರೆ, ರಿಮ್ ಸೀಳಿದರೆ, ಟೈರ್ ಕಳಚಿದರೆ ಅದರ ವಿಡಿಯೋ ಸಂಜೆಯೊಳಗೆ ಊರೂರು ಸುತ್ತುತ್ತದೆ, ಕಂಪನಿ ಬಾಯಿ ಬಿಡಲೇಬೇಕು ಎನ್ನುತ್ತಾರೆ. ವೃತ್ತಿಪರ ಮೌಂಟನ್ ಬೈಕಿಂಗ್ ನೋಡುವವರಂತೂ ಸಾಮಾಜಿಕ ಜಾಲತಾಣವೇ ಈ ಕ್ರೀಡೆಯ ನ್ಯಾಯಾಲಯ ಎಂದು ಒಪ್ಪಿಕೊಂಡುಬಿಟ್ಟಿದ್ದಾರೆ.

ನಾನು ಇದನ್ನು ಒಪ್ಪುವುದಿಲ್ಲ. ವಿಡಿಯೋ ಒಂದು ದೂರು, ಅಷ್ಟೇ. ತೀರ್ಪು ಹೊರಡಬೇಕಾದದ್ದು ಮುರಿದ ತುಂಡಿನಿಂದ. ಆ ತುಂಡು ಈಗ ಎಲ್ಲಿದೆ, ಅದನ್ನು ಯಾರು ಪರೀಕ್ಷಿಸಿದರು, ಕಂಡದ್ದನ್ನು ಎಲ್ಲಿ ಪ್ರಕಟಿಸಿದರು ಎಂದು ಕೇಳದ ಗದ್ದಲದಿಂದ ಸವಾರನಿಗೆ ರಕ್ಷಣೆ ಸಿಗುವುದಿಲ್ಲ.

ಈ ಮಾತನ್ನು ಬಿಡದಿಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಗೇರ್ ಸೈಕಲ್ ಏರಿ ರಾಮನಗರದ ಬೆಟ್ಟಗಳ ಕಡೆಗೋ ಮಂಚನಬೆಲೆಯ ಕಡೆಗೋ ಹೊರಟವರು ಇಲ್ಲಿ ತಟ್ಟೆ ಇಡ್ಲಿಗೆ ನಿಲ್ಲುತ್ತಾರೆ. ಅದೇ ಹೊತ್ತಿಗೆ ನೈಟ್ ಶಿಫ್ಟ್ ಮುಗಿಸಿದ ಕಾರ್ಮಿಕರು ಕೈಗಾರಿಕಾ ಪ್ರದೇಶದಿಂದ ಮನೆಗೆ ಹೊರಟಿರುತ್ತಾರೆ. ಲೋಹ ಯಾಕೆ ಮುರಿಯುತ್ತದೆ, ಬೋಲ್ಟ್ ಯಾಕೆ ಸಡಿಲವಾಗುತ್ತದೆ ಎಂಬ ವಿಷಯದಲ್ಲಿ ಫೋನ್ ಹಿಡಿದು ವಾದಿಸುವ ಸಾವಿರ ಜನಕ್ಕಿಂತ ಹೆಚ್ಚು ತಿಳಿದವರು ಈ ಎರಡನೇ ಗುಂಪಿನಲ್ಲಿದ್ದಾರೆ. 1999ರ ಡಿಸೆಂಬರ್‌ನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಶುರುವಾದಾಗಿನಿಂದ ಒಂದು ವಿಚಾರಣಾ ಕ್ರಮವೂ ಈ ಊರಿಗೆ ಬಂದಿದೆ. ದೋಷ ಕಂಡವನು ಕರೆಗಂಟೆಯ ಹಗ್ಗ ಎಳೆಯಬೇಕು, ಅಗತ್ಯಬಿದ್ದರೆ ಲೈನ್ ನಿಲ್ಲಬೇಕು. ಆಮೇಲೆ ಯಾಕೆ ಎಂದು ಕೇಳಬೇಕು, ಸಿಕ್ಕ ಉತ್ತರಕ್ಕೂ ಯಾಕೆ ಎಂದು ಕೇಳಬೇಕು, ಹೀಗೆ ಐದು ಸಲ. ಇದರ ಮೂಲ ಇರುವುದು ಮಗ್ಗದಲ್ಲಿ. ಟೊಯೋಟಾ ಮನೆತನದ ಹಿರಿಯ ಸಕಿಚಿ ಟೊಯೋಡಾ ಅವರ ಸ್ವಯಂಚಾಲಿತ ಮಗ್ಗ, ನೂಲು ಕಡಿದ ಕ್ಷಣ ತಾನಾಗಿಯೇ ನಿಲ್ಲುತ್ತಿತ್ತು. ರೇಷ್ಮೆಯ ಊರಾದ ರಾಮನಗರದ ಪಕ್ಕದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಕಡಿದ ಮೇಲೂ ಮಗ್ಗ ಓಡಿದರೆ ಬಟ್ಟೆ ಹಾಳಾಗುತ್ತದೆ.

ಜಾಲತಾಣದ ವಿಚಾರಣೆಯಲ್ಲಿ 'ಯಾಕೆ' ಎಂಬ ಪ್ರಶ್ನೆ ಒಂದು ಸಲವೂ ಪೂರ್ತಿಯಾಗಿ ಬರುವುದಿಲ್ಲ, 'ಯಾರು' ಎಂಬುದು ಮಾತ್ರ ಬರುತ್ತದೆ. ಒಂದು ಗುಂಪಿಗೆ ಕಂಪನಿ ಕಳ್ಳ, ಇನ್ನೊಂದು ಗುಂಪಿಗೆ ಸವಾರ ಒರಟ. ಆದರೆ ಸೈಕಲ್ಲಿನ ಭಾಗ ಕೈಕೊಡುವುದರಲ್ಲಿ ಕನಿಷ್ಠ ಮೂರು ಬಗೆಗಳಿವೆ, ಮೂರಕ್ಕೂ ಹೊಣೆ ಬೇರೆ ಬೇರೆ.

ಮೊದಲನೆಯದು ಗೊತ್ತಿದ್ದೇ ಒಪ್ಪಿಕೊಂಡ ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲಾಂಕೂರ್ ಬೆಟ್ಟದ ಹಾದಿಯಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅವರ ಟೈರ್ ಪಂಕ್ಚರ್ ಆಯಿತು. ಅರ್ಧ ನಿಮಿಷಕ್ಕೂ ಹೆಚ್ಚು ಕಳೆದುಕೊಂಡು, ಚಕ್ರ ಬದಲಿಸಿಕೊಂಡು ಅವರು ಚಿನ್ನ ಗೆದ್ದರು. ಹಿಂದಿನ ದಿನ ಮಹಿಳೆಯರ ಸ್ಪರ್ಧೆಯಲ್ಲಿ ಪದಕದ ಹಾದಿಯಲ್ಲಿದ್ದ ನೆದರ್‌ಲೆಂಡ್ಸ್‌ನ ಪುಕ್ ಪೀಟರ್ಸೆ ಅವರ ಟೈರೂ ಪಂಕ್ಚರ್ ಆಗಿತ್ತು. ಕ್ರಾಸ್ ಕಂಟ್ರಿ ಸವಾರರು ಹಿಡಿತಕ್ಕಾಗಿ ಗಾಳಿ ಕಡಿಮೆ ಮಾಡುತ್ತಾರೆ, ವೇಗಕ್ಕಾಗಿ ಹಗುರ ಟೈರ್ ಹಾಕುತ್ತಾರೆ. ಕಲ್ಲಿಗೆ ಬಡಿದಾಗ ಅಂಥ ಟೈರ್ ಸೀಳುವ ಸಾಧ್ಯತೆ ಹೆಚ್ಚೆಂದು ಅವರಿಗೂ ಅವರ ಮೆಕ್ಯಾನಿಕ್‌ಗೂ ಗೊತ್ತು.

ಎರಡನೆಯದು ಜೋಡಣೆಯ ತಪ್ಪು. ಕಾರ್ಬನ್ ಹ್ಯಾಂಡಲ್ ಹಿಡಿದಿಡುವ ಬೋಲ್ಟ್‌ಗಳ ಮಿತಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ವ್ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಮಿತಿ ಮೀರಿ ಬಿಗಿದರೆ ಒಳಗಿನ ಪದರ ಸೀಳಬಹುದು, ಹೊರಗೆ ಏನೂ ಕಾಣದೆ ಮುಂದೆಂದೋ ಇಳಿಜಾರಿನಲ್ಲಿ ಮುರಿಯಬಹುದು. ಮೂರನೆಯದು ವಿನ್ಯಾಸದ ಅಥವಾ ತಯಾರಿಕೆಯ ದೋಷ. ಇಲ್ಲಿ ಕಂಪನಿಯೇ ಹೊಣೆ. ಈ ಮೂರೂ ವಿಡಿಯೋದಲ್ಲಿ ಒಂದೇ ಥರ ಕಾಣುತ್ತವೆ. ಬೇರೆಬೇರೆಯಾಗಿ ಕಾಣಬೇಕಾದರೆ ತುಂಡನ್ನು ಕೈಗೆತ್ತಿಕೊಳ್ಳಬೇಕು. ಲೋಹದ ಭಾಗವಾದರೆ, ದಿನದಿನದ ಒತ್ತಡಕ್ಕೆ ದಣಿದು ಬಿರುಕು ನಿಧಾನವಾಗಿ ಬೆಳೆದಿದ್ದಲ್ಲಿ ಮುರಿದ ಮೈ ಮೇಲೆ ಸಾಮಾನ್ಯವಾಗಿ ಅಲೆಅಲೆಯಾದ ಗೆರೆಗಳು ಉಳಿದಿರುತ್ತವೆ. ಒಂದೇ ಏಟಿಗೆ ಮುರಿದಿದ್ದರೆ ಆ ಗೆರೆಗಳು ಇರುವುದಿಲ್ಲ. ಬಿಡದಿಯ ಯಾವ ಕ್ವಾಲಿಟಿ ವಿಭಾಗದವರನ್ನು ಕೇಳಿದರೂ ಇಷ್ಟು ಹೇಳುತ್ತಾರೆ.

ಒಂದೇ ಘಟನೆಯಲ್ಲಿ ಈ ಬಗೆಗಳು ಹೆಣೆದುಕೊಂಡಿರುವುದೂ ಉಂಟು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರಸ್ತೆ ಸ್ಪರ್ಧೆಯಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದರು, ಟೈರ್ ರಿಮ್ಮಿನಿಂದ ಕಳಚಿ ನೇತಾಡುತ್ತಿತ್ತು. ಟೈರ್ ಹಿಡಿದುಕೊಳ್ಳಲು ಒಳಅಂಚಿನಲ್ಲಿ ಕೊಕ್ಕೆ ಇಲ್ಲದ 'ಹುಕ್‌ಲೆಸ್' ರಿಮ್ ಅದು. ಅಂಥ ರಿಮ್ಮೇ ಮೋಸ ಎಂದು ಜಾಲತಾಣ ಸಂಜೆಯೊಳಗೆ ತೀರ್ಮಾನಿಸಿತು. ಮೌಂಟನ್ ಬೈಕ್‌ಗಳಲ್ಲಿ, ಗಾಳಿಯ ಒತ್ತಡ ಕಡಿಮೆ ಇರುವುದರಿಂದ, ಅದೇ ಬಗೆಯ ರಿಮ್ ವರ್ಷಗಳಿಂದ ಬಳಕೆಯಲ್ಲಿದೆ. ತಯಾರಕರು, ಸವಾರ ಯಾವುದೋ ವಸ್ತುವಿಗೆ ಬಡಿದದ್ದೇ ಕಾರಣ ಎಂದರು. 25 ಮಿಲಿಮೀಟರ್ ಒಳಅಗಲದ ರಿಮ್ಮಿಗೆ ಕನಿಷ್ಠ 29 ಮಿಲಿಮೀಟರ್ ಟೈರ್ ಬೇಕೆಂದು ಮಾನದಂಡ ಹೇಳುತ್ತಿದ್ದಾಗ ಅಲ್ಲಿ ಇದ್ದದ್ದು 28ರ ಟೈರ್ ಎಂಬುದು ಆಮೇಲೆ ಚರ್ಚೆಗೆ ಬಂತು. ರಿಮ್ಮಿನ ರಚನೆ, ಟೈರಿನ ಅಗಲ, ಬಡಿದ ಏಟು ಈ ಮೂರನ್ನೂ ಒಟ್ಟಿಗೆ ತೂಗಬೇಕಾದ ಕಡೆ ಜನ ಒಂದನ್ನು ಹಿಡಿದು ಬಯ್ದರು, ಕಂಪನಿಗಳು ಇನ್ನೊಂದನ್ನು ಹಿಡಿದು ಪಾರಾಗಲು ನೋಡಿದವು.

ಬೈಗುಳದಷ್ಟೇ ಹೊಗಳಿಕೆಯೂ ಕಾರಣವನ್ನು ಮುಚ್ಚುತ್ತದೆ. ಅಮೆರಿಕದ ಡೌನ್‌ಹಿಲ್ ಸವಾರ ಆರನ್ ಗ್ವಿನ್ 2014ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್ ವಿಶ್ವಕಪ್ಪಿನಲ್ಲಿ ಟೈರ್ ಹರಿದುಹೋದ ಮೇಲೂ ಬರಿಯ ರಿಮ್ಮಿನ ಮೇಲೆ ಬೆಟ್ಟ ಇಳಿದರು. 2015ರಲ್ಲಿ ಅದೇ ಜಾಗದಲ್ಲಿ ಹೊರಟ ಕೆಲವೇ ಕ್ಷಣಗಳಲ್ಲಿ ಚೈನ್ ಕಡಿಯಿತು, ಒಂದು ಸಲವೂ ಪೆಡಲ್ ತುಳಿಯಲಾಗದೆ ಇಳಿದು ಗೆದ್ದೂ ಬಿಟ್ಟರು. ಈ ಎರಡು ವಿಡಿಯೋಗಳನ್ನು ನೋಡಿ ಮೆಚ್ಚದವರಿಲ್ಲ. ಆ ಕೌಶಲಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಎರಡು ವರ್ಷ ಸಾಲಾಗಿ ಒಬ್ಬ ಅಗ್ರ ಸವಾರನ ಸೈಕಲ್ ಕೈಕೊಟ್ಟಿತು, ಉಳಿದದ್ದು ವೀರಗಾಥೆ ಮಾತ್ರ. ಆ ಚೈನ್ ಯಾಕೆ ಕಡಿಯಿತು ಎಂದು ಕೇಳುವ ಆಸಕ್ತಿ ಅಭಿಮಾನಿಗಳಿಗೆ ಹುಟ್ಟಲಿಲ್ಲ.

ನನ್ನ ವಾದಕ್ಕೆ ಗಟ್ಟಿ ಎದುರುವಾದವಿದೆ, ಅದು ಶಿಮಾನೊ ಕಂಪನಿಯ ಕ್ರ್ಯಾಂಕ್‌ನ, ಅಂದರೆ ಪೆಡಲ್ ಜೋಡಿಸುವ ತೋಳಿನ, ಕಥೆ. ಎರಡು ಹೋಳುಗಳನ್ನು ಅಂಟಿನಿಂದ ಕೂಡಿಸಿ ಮಾಡಿದ ಆ ಟೊಳ್ಳು ಕ್ರ್ಯಾಂಕ್‌ಗಳು ರಸ್ತೆ ಸೈಕಲ್‌ಗಳವು. ಅವು ಬಿಟ್ಟುಕೊಂಡು ಮುರಿದ ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಸವಾರರು ವರ್ಷಗಟ್ಟಲೆ ಒಂದೇ ಕಡೆ ಸೇರಿಸುತ್ತ ಬಂದರು. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಮೂಲಕ ರೀಕಾಲ್ ಪ್ರಕಟವಾಯಿತು. ಆ ಒಂದು ದೇಶದಲ್ಲೇ ಸುಮಾರು 6,80,000 ಕ್ರ್ಯಾಂಕ್‌ಗಳು, 4,519 ವೈಫಲ್ಯದ ಘಟನೆಗಳು, ಆರು ಗಾಯಗಳು. ಜಾಲತಾಣ ಇಲ್ಲದಿದ್ದರೆ ಇದು ಹೊರಬರುತ್ತಿತ್ತೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು.

ಆದರೆ ಅಲ್ಲಿ ಕೆಲಸ ಮಾಡಿದ್ದು ಏನೆಂದು ನೋಡಿ. ಮುರಿದ ತುಂಡುಗಳನ್ನೇ ಹತ್ತಿರದಿಂದ ತೆಗೆದ ಫೋಟೋಗಳು ಒಂದರ ಪಕ್ಕ ಒಂದು ಕೂತವು, ಒಂದೇ ಜಾಗದಲ್ಲಿ ಅಂಟು ಬಿಡುತ್ತಿದೆ ಎಂಬುದು ಕಣ್ಣಿಗೆ ಹೊಡೆಯಿತು. ಅದು ಗದ್ದಲವಾಗಿರಲಿಲ್ಲ, ತಾಳ್ಮೆಯಿಂದ ಬರೆದಿಟ್ಟ ದಾಖಲೆಯಾಗಿತ್ತು. 4,519 ಎಂಬ ಸಂಖ್ಯೆಗೆ ತೂಕ ಬಂದದ್ದು, ಎಣಿಸಿ ಕಂಪನಿಯಿಂದ ಉತ್ತರ ಪಡೆಯುವ ಅಧಿಕಾರವಿದ್ದ ಸಂಸ್ಥೆಯ ಪ್ರಕಟಣೆಯಲ್ಲಿ ಅದು ಇದ್ದುದರಿಂದ. ಸ್ಪರ್ಧೆಯ ಸಂಜೆ ಹರಿದಾಡಿ ಮರುವಾರ ಮರೆತುಹೋಗುವ ವಿಡಿಯೋಗೆ ಈ ಶಕ್ತಿ ಇಲ್ಲ.

ಬಿಡದಿಯ ಕಾರು ಕಂಪನಿಯ ಮೂಲಸಂಸ್ಥೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 2009-10ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತವೆ ಎಂಬ ಕೂಗೆದ್ದಿತು, ಎಲೆಕ್ಟ್ರಾನಿಕ್ಸ್ ಕೆಟ್ಟಿದೆ ಎಂದು ಬಹಳ ಜನ ನಂಬಿದರು. ನಾಸಾ ಎಂಜಿನಿಯರುಗಳ ಪರಿಶೀಲನೆ 2011ರಲ್ಲಿ ಮುಗಿದಾಗ ಅಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ. ಆಕ್ಸಿಲರೇಟರ್ ಪೆಡಲ್ ಅಂಟಿಕೊಳ್ಳುವುದು, ಕಾಲ ಕೆಳಗಿನ ಮ್ಯಾಟ್ ಪೆಡಲಿಗೆ ಸಿಕ್ಕುವುದು ಗುರುತಾದ ಕಾರಣಗಳಾಗಿದ್ದವು. ಹಾಗೆಂದು ಕಂಪನಿ ಶುದ್ಧವೆಂದಾಗಲಿಲ್ಲ. ಈ ದೋಷಗಳ ಬಗ್ಗೆ ಗ್ರಾಹಕರನ್ನು ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಕೂಗಿದವರು ಕಾರಣದಲ್ಲಿ ತಪ್ಪಿದ್ದರು, ಮುಚ್ಚಿಟ್ಟವರು ನಡತೆಯಲ್ಲಿ ತಪ್ಪಿದ್ದರು. ಎರಡನ್ನೂ ಬಯಲಿಗೆ ತಂದದ್ದು ತನಿಖೆ. ಕಾರ್ಖಾನೆಯ ಶಿಸ್ತನ್ನು ನಾನು ಮೆಚ್ಚುವುದು ಕಂಪನಿಯ ಮೇಲಿನ ಭಕ್ತಿಯಿಂದಲ್ಲ. 2020ರ ನವೆಂಬರ್‌ನಲ್ಲಿ ಇದೇ ಬಿಡದಿಯಲ್ಲಿ ಕೆಲಸದ ಹೊರೆಯ ಪ್ರಶ್ನೆ ಮುಷ್ಕರ, ಲಾಕೌಟ್‌ವರೆಗೆ ಹೋಯಿತು. ಲೈನ್ ನಿಲ್ಲಿಸುವ ಹಗ್ಗ ಇದ್ದರೆ ಸಾಲದು, ಎಳೆದವನ ಮಾತನ್ನು ಕೇಳುವವರೂ ಬೇಕು.

ವೃತ್ತಿಪರ ಸವಾರನಿಗೆ ಇಲ್ಲದಿರುವುದು ಹಾಗೆ ಕೇಳುವವರೇ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ, ಸಲಕರಣೆ ತನಗೂ ಇತರರಿಗೂ ಅಪಾಯವಾಗದಂತೆ ನೋಡಿಕೊಳ್ಳುವ ಹೊಣೆಯನ್ನು ಲೈಸೆನ್ಸ್ ಪಡೆದವನ ಮೇಲೆ ಹಾಕುತ್ತದೆ, ಸಲಕರಣೆಯ ದೋಷಕ್ಕೆ ಒಕ್ಕೂಟ ಹೊಣೆಯಲ್ಲ ಎನ್ನುತ್ತದೆ. ಅತ್ತ ಪ್ರಾಯೋಜಕ ಕೊಟ್ಟ ಸಲಕರಣೆಯನ್ನು ಸವಾರ ಬಹಿರಂಗವಾಗಿ ದೂರುವಂತಿಲ್ಲ. ನಂಬಿಕೆಯಿಲ್ಲದ ಟೈರಿನ ಬದಲು ಬೇರೆ ಕಂಪನಿಯದನ್ನು ಹಾಕಿ, ಹೆಸರಿನ ಮೇಲೆ ಕಪ್ಪು ಮಸಿ ಬಳಿದು ಓಡಿಸುವವರಿದ್ದಾರೆ. ಕೂಗುವ ಜನ ಮತ್ತು ಬಾಯಿ ಕಟ್ಟಿಕೊಂಡ ಸವಾರ, ಇವರಿಬ್ಬರ ನಡುವೆ ಸತ್ಯ ಹೇಳಬಲ್ಲ ಏಕೈಕ ಸಾಕ್ಷಿಯಾದ ಮುರಿದ ತುಂಡು ಕಸದ ಬುಟ್ಟಿಗೋ ವಾರಂಟಿಯ ಹೆಸರಿನಲ್ಲಿ ಕಂಪನಿಯ ಗೋದಾಮಿಗೋ ಹೋಗುತ್ತದೆ.

ಬೇರೆ ದಾರಿ ಇದೆ, ಅದನ್ನು ಆಸ್ಟ್ರೇಲಿಯಾ ತೋರಿಸಿದೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಟ್ರ್ಯಾಕ್ ಸ್ಪರ್ಧೆಯಲ್ಲಿ ಅಲೆಕ್ಸ್ ಪೋರ್ಟರ್ ಅವರ ಹ್ಯಾಂಡಲ್ ಪೂರ್ಣ ವೇಗದಲ್ಲಿ ಮುರಿದು ಅವರು ಮುಖ ಅಡಿಯಾಗಿ ಬಿದ್ದರು. ಲೋಕವೆಲ್ಲ ನೋಡಿದ ದೃಶ್ಯವದು. ಆಸ್ಟ್ರೇಲಿಯಾದ ಸೈಕ್ಲಿಂಗ್ ಸಂಸ್ಥೆ ಹೊರಗಿನ ತಜ್ಞ ಎಂಜಿನಿಯರ್‌ಗೆ ತನಿಖೆ ಒಪ್ಪಿಸಿ 2022ರಲ್ಲಿ ಪೂರ್ಣ ವರದಿಯನ್ನು ಸಾರ್ವಜನಿಕರ ಮುಂದಿಟ್ಟಿತು. ಲೋಹ ದಣಿದು ಮುರಿದಿತ್ತು. ಸ್ಪರ್ಧೆಯಲ್ಲಿ ಬೀಳುವ ನಿಜವಾದ ಭಾರಕ್ಕೆ ತಕ್ಕಂತೆ ಬೇಡಿಕೆಯನ್ನೂ ಬರೆದಿರಲಿಲ್ಲ, ಪರೀಕ್ಷೆಯನ್ನೂ ಮಾಡಿರಲಿಲ್ಲ. ವರದಿ ತಯಾರಕರ ಜೊತೆಗೆ ಸಂಸ್ಥೆಯ ಸ್ವಂತ ಕೊರತೆಗಳನ್ನೂ ಹೇಳಿತು. ನಿಜವಾದ ಭಾರಕ್ಕೆ ಪರೀಕ್ಷಿಸಬೇಕೆಂಬ ಪಾಠ ಮೌಂಟನ್ ಬೈಕ್‌ಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸೈಕಲ್ ಸುರಕ್ಷತೆಯ ಐಎಸ್‌ಒ 4210 ಮಾನದಂಡದಲ್ಲಿ ಫ್ರೇಮ್ ಮೇಲೆ ಪೆಡಲ್ ತುಳಿತದ ಬಲವನ್ನು 1,00,000 ಸಲ ಹಾಕಿ ನೋಡುತ್ತಾರೆ. ಅದು ಮಾರಾಟಕ್ಕೆ ಬೇಕಾದ ಕನಿಷ್ಠ ಮಟ್ಟ. ಅದನ್ನು ದಾಟಿದ ಮಾತ್ರಕ್ಕೆ ವಿಶ್ವಕಪ್ ಇಳಿಜಾರಿಗೆ ಸಾಕೆಂದು ಹೇಳಲಾಗದು.

ನಮ್ಮ ಸವಾರರಿಗೆ ಇದು ದೂರದ ಮಾತಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್‌ನ ಬೆನ್ನೆಲುಬು; ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೇ ನಡೆದಿದೆ. ರೈತರ ಮನೆಯ ಹುಡುಗ, ಹುಡುಗಿಯರು ಸಾಲ ಮಾಡಿ ತಂದ ಸೈಕಲ್ಲಿನ ಒಂದು ಭಾಗ ಮುರಿದರೆ ಇಡೀ ವರ್ಷ ಹೋದಂತೆ. ಬಿಡದಿಯ ಕಂಪನಿ ಮಾರುವ ಕಾರಿನಲ್ಲಿ ದೋಷ ಕಂಡರೆ ದಾರಿ ಇದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ಶಂಕೆಯಿಂದ ಗ್ಲಾಂಜಾ ಮತ್ತು ಹೈರೈಡರ್ ಸೇರಿ 1,390 ಕಾರುಗಳನ್ನು ಟೊಯೋಟಾ ಕಿರ್ಲೋಸ್ಕರ್ ವಾಪಸ್ ಕರೆಸಿಕೊಂಡಿತು. 2021ರ ಏಪ್ರಿಲ್ 1ರಿಂದ ಸರ್ಕಾರವೇ ಕಡ್ಡಾಯ ರೀಕಾಲ್ ಆದೇಶಿಸಬಲ್ಲದು. ಮೋಟಾರಿಲ್ಲದ ಸೈಕಲ್ ಆ ನಿಯಮದಡಿ ಬರುವುದಿಲ್ಲ. ಆದರೂ ಸವಾರ ನಿರ್ಗತಿಕನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಿನ್ಯಾಸದ ದೋಷಕ್ಕೂ ತಯಾರಿಕೆಯ ದೋಷಕ್ಕೂ ತಯಾರಕರನ್ನು ಹೊಣೆ ಮಾಡುತ್ತದೆ, ಅಪಾಯಕಾರಿ ಸರಕನ್ನು ವಾಪಸ್ ತರಿಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಬಳಕೆ ತಪ್ಪಾಗಿತ್ತು, ಭಾಗವನ್ನು ಮಾರ್ಪಡಿಸಲಾಗಿತ್ತು ಎಂದು ಮಾರಾಟಗಾರರು ತೋರಿಸಿದರೆ ಅದೇ ಕಾಯ್ದೆ ಅವರನ್ನು ಬಿಟ್ಟುಬಿಡುತ್ತದೆ. ಆ ಪ್ರಶ್ನೆಗೆ ಉತ್ತರಿಸಲು ವಿಡಿಯೋ ಸಾಲದು, ಪುರಾವೆ ಬೇಕು.

ಆದ್ದರಿಂದ ಸವಾರರಲ್ಲಿ ನನ್ನ ಕೋರಿಕೆ ಇಷ್ಟು. ಏನಾದರೂ ಮುರಿದರೆ ತುಂಡನ್ನು ಎಸೆಯಬೇಡಿ, ಮುರಿದ ಮೈಯನ್ನು ಉಜ್ಜಿ ತೊಳೆಯಬೇಡಿ. ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಕೊಂಡ ಬಿಲ್ಲು, ಓಡಿಸಿದ ದೂರ, ಟೈರಿನ ಗಾಳಿ, ಕೊನೆಯ ಸಲ ಬೋಲ್ಟ್ ಬಿಗಿದವರು ಯಾರು, ಎಷ್ಟು ಬಿಗಿದರು ಎಂಬುದನ್ನು ಬರೆದಿಡಿ. ಕಂಪನಿಗೆ ಲಿಖಿತ ದೂರು ಕೊಡಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೆ ವಿಡಿಯೋ ಹಾಕಿ, ಬೇಡವೆನ್ನುವುದಿಲ್ಲ. ರಾಜ್ಯದ ಸೈಕ್ಲಿಂಗ್ ಸಂಸ್ಥೆ ಪ್ರತಿ ಸ್ಪರ್ಧೆಯಲ್ಲೂ ಮುರಿದ ಭಾಗಗಳ ದಾಖಲೆ ಪುಸ್ತಕ ಇಟ್ಟು ವರ್ಷಕ್ಕೊಮ್ಮೆ ಪ್ರಕಟಿಸಲಿ. ಮುರಿತವನ್ನು ಓದಬಲ್ಲ ಬಿಡದಿಯ ಎಂಜಿನಿಯರುಗಳು, ತಂತ್ರಜ್ಞರು ರಜೆಯ ಒಂದು ಬೆಳಗ್ಗೆಯನ್ನು ಈ ಮಕ್ಕಳ ಸೈಕಲ್‌ಗಳಿಗಾಗಿ ಕೊಡಲಿ. ಅವರಿಗೆ ಗೊತ್ತಿರುವ ಕೆಲಸವೇ ಇದು, ಅದರಿಂದ ಒಬ್ಬ ಸವಾರನ ಕತ್ತು ಉಳಿಯಬಹುದು.