ಬುಕ್ಕರಾಯನ 1368ರ ಶಾಸನ: ತೀರ್ಪೋ, ಮಧ್ಯಸ್ಥಿಕೆಯೋ?

ಕ್ರಿ.ಶ. 1368ರಲ್ಲಿ ವಿಜಯನಗರದ ಒಂದನೆಯ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ಪರಿಹರಿಸಿದ ಸಂಗತಿ ಕರ್ಣಾಟಕದ ಇತಿಹಾಸವನ್ನು ಓದಿದವರಿಗೆಲ್ಲ ವಿದಿತವಾದುದೇ. ಆ ಸಂಬಂಧದ ಶಾಸನವು ಶ್ರವಣಬೆಳಗೊಳದಲ್ಲಿಯೂ, ಕುಣಿಗಲ್ ಸೀಮೆಗೆ ಹೊಂದಿಕೊಂಡಿರುವ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ದೊರೆತಿದೆ. ನಮ್ಮ ಪಠ್ಯಗ್ರಂಥಗಳು ಇದನ್ನು ಮತಸಹಿಷ್ಣುತೆಯ ಸನ್ನದೆಂದು ಕೊಂಡಾಡಿ ಮುಂದೆ ಸಾಗುತ್ತವೆ. ಈ ಪ್ರಶಂಸೆ ತಪ್ಪೆಂದು ನಾವು ಹೇಳುವುದಿಲ್ಲ; ಆದರೆ ಅದರಿಂದ ಮುಖ್ಯವಾದೊಂದು ಪ್ರಶ್ನೆ ಮರೆಯಾಗಿದೆ. ಅರಸನು ಇಲ್ಲಿ ನ್ಯಾಯಾಧೀಶನಾಗಿ ವರ್ತಿಸಿದನೋ, ಮಧ್ಯಸ್ಥನಾಗಿಯೋ?

ಈ ಎರಡರ ಅಂತರವನ್ನು ಪ್ರಾಚೀನ ರೋಮಿನ ಪದ್ಧತಿ ಚೆನ್ನಾಗಿ ವಿಶದಪಡಿಸುತ್ತದೆ. ಗಣರಾಜ್ಯದ ಉತ್ತರಕಾಲದಲ್ಲಿ ವ್ಯಾಜ್ಯವು ಮೊದಲು ಪ್ರೀಟರ್ ಎಂಬ ಅಧಿಕಾರಿಯ ಮುಂದೆ ಬರುತ್ತಿತ್ತು. ಅವನು ವಿವಾದಾಂಶವನ್ನು ಸೂತ್ರರೂಪದಲ್ಲಿ ನಿಗದಿಮಾಡಿ ವಿಚಾರಣೆಯನ್ನು ಒಬ್ಬ ಖಾಸಗಿ ನಾಗರಿಕನಿಗೆ ಒಪ್ಪಿಸುತ್ತಿದ್ದನು. ಈತನೇ ಯೂದೆಕ್ಸ್. ಸೂತ್ರವನ್ನು ಮೀರಲು ಅವನಿಗೆ ಅಧಿಕಾರವಿರಲಿಲ್ಲ. ವಾದಿ ಕೇಳಿದ ನಿಶ್ಚಿತ ಹಣ ಸಲ್ಲತಕ್ಕದ್ದೋ ಅಲ್ಲವೋ ಎಂಬುದಷ್ಟೇ ಅವನ ನಿರ್ಣಯ. ಆರ್ಬಿಟರ್ ಎಂಬ ಮಧ್ಯಸ್ಥನಾದರೋ ಎಷ್ಟು ಸಲ್ಲುವುದು ಉಚಿತವೆಂದು ತನ್ನ ವಿವೇಕದಿಂದ ಗೊತ್ತುಮಾಡಬಹುದಾಗಿತ್ತು. ಹೊಲದ ಎಲ್ಲೆಯ ಜಗಳಗಳಿಗೆ ಹನ್ನೆರಡು ಫಲಕಗಳ ಕಾನೂನು ಮೂವರು ಮಧ್ಯಸ್ಥರನ್ನು ವಿಧಿಸಿದ್ದಿತು. ಇದಲ್ಲದೆ ಉಭಯ ಪಕ್ಷದವರು ತಾವಾಗಿಯೇ, ತಪ್ಪಿದವರು ದಂಡ ತೆರಬೇಕೆಂಬ ಕರಾರಿನೊಡನೆ, ಮಧ್ಯಸ್ಥನನ್ನು ಆರಿಸಿಕೊಳ್ಳುವುದೂ ಉಂಟು.

ನಮ್ಮ ಧರ್ಮಶಾಸ್ತ್ರವೂ ವಿಚಾರಣೆಯ ಕ್ರಮವನ್ನು ನಿಷ್ಕೃಷ್ಟವಾಗಿ ಹೇಳಿದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳನ್ನು ವಿವರಿಸುತ್ತದೆ. ಅಂದರೆ ವಾದಿಯ ದೂರು, ಪ್ರತಿವಾದಿಯ ಮರುಮಾತು, ಪ್ರಮಾಣ, ನಿರ್ಣಯ. ಗೆದ್ದವನಿಗೆ ಜಯಪತ್ರ ದೊರೆಯುತ್ತದೆ.

ಈ ಅಳತೆಗೋಲಿನಿಂದ ಶಾಸನದ ಬೆಳಗೊಳದ ಪಾಠವನ್ನು ಪರಿಶೀಲಿಸೋಣ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ಭಕ್ತರಿಂದಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರೆಂದು ಅದು ತಿಳಿಸುತ್ತದೆ. ಕಲ್ಲೆಹವೇ ಇಂದಿನ ಕಲ್ಯವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅನ್ಯಾಯವೇನೆಂಬುದನ್ನು ಮುಂದೆ ಬರುವ ವಾದ್ಯ, ಕಳಶಗಳ ಪ್ರಸ್ತಾಪದಿಂದ ನಾವು ಊಹಿಸಬೇಕಷ್ಟೆ. ಭಕ್ತರ ಉತ್ತರವಿಲ್ಲ; ಸಾಕ್ಷಿಗಳಿಲ್ಲ; ಗೆದ್ದವರು ಸೋತವರು ಎಂಬ ಮಾತೂ ಇಲ್ಲ. ಬದಲಾಗಿ ಅರಸನು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿ, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನುಡಿದು, ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಹಿಂದಿನಂತೆಯೇ ಸಲ್ಲುವುವೆಂದು ಕಟ್ಟುಮಾಡಿದನು. ಈ ಕಟ್ಟಳೆಯನ್ನು ಬಸದಿಗಳಲ್ಲಿ ಶಾಸನವಾಗಿ ನಿಲ್ಲಿಸುವ ಹೊಣೆಯೂ ಶ್ರೀವೈಷ್ಣವರದೇ. ಯೂದೆಕ್ಸನು ಕಳೆದುದನ್ನು ನಿರ್ಣಯಿಸುತ್ತಾನೆ. ಇಲ್ಲಿ ಬರುವ ದಿನಗಳಿಗೆ ಏರ್ಪಾಡು ನಡೆದಿದೆ. ಇದು ಮಧ್ಯಸ್ಥನ ಕಾರ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಹೋಲಿಕೆಗೆ ಮಿತಿಯುಂಟು. ರೋಮಿನಲ್ಲಿ ಪಕ್ಷಗಾರರು ತಾವಾಗಿ ಆರಿಸಿಕೊಂಡ ಮಧ್ಯಸ್ಥನ ಅಧಿಕಾರಕ್ಕೆ ಅವರ ಸಮ್ಮತಿಯೇ ಮೂಲ. ಇಲ್ಲಿ ಒಂದು ಪಕ್ಷ ಮೊರೆಯಿಟ್ಟಿತು, ಇನ್ನೊಂದು ಪಕ್ಷವನ್ನು ಅರಸನು ಸೇರಿಸಿದನು. ಕಟ್ಟಳೆಗೆ ತಪ್ಪಿದವನು ರಾಜದ್ರೋಹಿ, ಸಂಘಸಮುದಾಯದ್ರೋಹಿ. ಮಧ್ಯಸ್ಥನ ಬೆನ್ನಿಗೆ ಸಿಂಹಾಸನವಿದ್ದಿತು. ಇದಕ್ಕಿಂತಲೂ ವಿಚಾರಾರ್ಹವಾದುದು ವೆಚ್ಚದ ಸಂಗತಿ. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡತಕ್ಕದ್ದು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಆಳುಗಳನ್ನಿರಿಸಿ, ಮಿಕ್ಕುದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಯಿಸತಕ್ಕದ್ದು. ಭವ್ಯಜನರ ಅನುಮತಿ ಇದಕ್ಕಿದ್ದಿತೆಂದು ಶಾಸನವೇ ಹೇಳುತ್ತದೆ. ಎದುರುಪಕ್ಷದವರನ್ನೇ ಕಾವಲಿಗೆ ಹೊಣೆಮಾಡುವುದು ದೂರದೃಷ್ಟಿಯ ಉಪಾಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ನೊಂದವರೇ ತಮ್ಮ ರಕ್ಷಣೆಯ ವೆಚ್ಚವನ್ನು ತೆತ್ತರೆಂಬುದನ್ನು ಮರೆಯಲಾಗದು. ಮೊರೆಯಿಟ್ಟು ಬಂದವರ ಅನುಮತಿಗೂ, ಸರಿಸಮಾನರ ಕರಾರಿಗೂ ಒಂದೇ ತೂಕವಿಲ್ಲ.

ಗೂಳೂರಿನ ನೆರೆಯ ಕೈದಾಳದಲ್ಲಿ 12ನೆಯ ಶತಮಾನದ ಮಧ್ಯಭಾಗದಲ್ಲಿ ಗೂಳಿಬಾಚಿಯೆಂಬ ಹೊಯ್ಸಳ ಸಾಮಂತನು ಶಿವ, ವಿಷ್ಣು, ಜಿನ ಮೂವರಿಗೂ ಆಲಯಗಳನ್ನು ಕಟ್ಟಿಸಿದನು. ಅಲ್ಲಿಂದ ಬಹುದೂರವಲ್ಲದ ಕಲ್ಯದ ಜೈನರು ಎರಡು ಶತಮಾನಗಳ ತರುವಾಯ ವಾದ್ಯಕ್ಕೂ ಕಳಶಕ್ಕೂ ಅರಸನ ಬಾಗಿಲಿಗೆ ಹೋಗಬೇಕಾಯಿತು. ಕಾಲದ ಈ ವ್ಯತ್ಯಾಸವನ್ನು ಲಕ್ಷಿಸಿದರೆ ಬುಕ್ಕರಾಯನ ಸಾಧನೆ ಕಿರಿದಾಗುವುದಿಲ್ಲ. ಅದರ ಸ್ವರೂಪ ತಿಳಿಯಾಗುತ್ತದೆ. ಅವನು ನ್ಯಾಯವನ್ನು ವಿಚಾರಿಸಿ ತೀರ್ಪಿತ್ತನೆನ್ನುವುದಕ್ಕಿಂತ ಶಾಂತಿಯನ್ನು ಸಂಧಾನದಿಂದ ನೆಲೆಗೊಳಿಸಿದನೆನ್ನುವುದು ಶಾಸನದ ಮಾತಿಗೆ ಹೆಚ್ಚು ಸಮೀಪವಾದುದು. ಅಭ್ಯಾಸಿಗಳು ಇದನ್ನು ಓದುವಾಗ ಅರಸನ ಔದಾರ್ಯದೊಡನೆ ಮನೆಗೊಂದು ಹಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.