ಹೊಸ ಆವೃತ್ತಿಯನ್ನು ಸವಿಯುವ ಬಗೆ: 2024ರ ಡಂಜನ್ಸ್ ಅಂಡ್ ಡ್ರಾಗನ್ಸ್, ರಸಿಕರಿಗೊಂದು ಕೈಪಿಡಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ಆಡುವವರಲ್ಲಿ ಒಬ್ಬರು ಡಂಜನ್ ಮಾಸ್ಟರ್. ಕಥೆ ನಡೆಯುವ ಊರು, ಕಾಡು, ಅಲ್ಲಿ ಎದುರಾಗುವ ಜನ, ಮೃಗ, ರಾಕ್ಷಸರು ಎಲ್ಲವೂ ಅವರ ಹೊಣೆ. ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡು, ‘ಬಾಗಿಲಿಗೆ ಕಿವಿಗೊಡುತ್ತೇನೆ’, ‘ಕಾವಲುಗಾರನ ಹತ್ತಿರ ಮಾತು ತೆಗೆಯುತ್ತೇನೆ’ ಎನ್ನುತ್ತ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಕೈಹಾಕಿದ ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ತಾಳಮದ್ದಳೆಯ ರುಚಿ ಬಲ್ಲವರಿಗೆ ಇದರ ಅರ್ಧ ಭಾಗ ಪರಿಚಿತವೇ. ಅರ್ಥಧಾರಿಗೆ ಮಾತು ಹುಟ್ಟುವಂತೆ ಇಲ್ಲಿಯೂ ಮಾತು ಆ ಕ್ಷಣದಲ್ಲಿ, ಎದುರಿನವರ ಮಾತಿಗೆ ಉತ್ತರವಾಗಿ ಹುಟ್ಟುತ್ತದೆ. ಆದರೆ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಈ ಆಟದ ಕೊನೆ ಡಂಜನ್ ಮಾಸ್ಟರ್‌ಗೂ ಗೊತ್ತಿರುವುದಿಲ್ಲ.

ಇಂಥ ಆಟದಲ್ಲಿ ನಿಯಮಪುಸ್ತಕವೆಂದರೆ ಕಥೆಯಲ್ಲ, ಕಥೆ ಹುಟ್ಟುವುದಕ್ಕೆ ಬೇಕಾದ ಏರ್ಪಾಡು. ಆದ್ದರಿಂದ ಹೊಸ ಆವೃತ್ತಿ ಬಂದಾಗ ಅದರ ಚಿತ್ರ, ಕಾಗದ, ಪುಟಸಂಖ್ಯೆಗಳಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಬದಲಾದ ನಿಯಮ ಮೇಜಿನ ಮೇಲೆ ಏನನ್ನು ಬದಲಿಸುತ್ತದೆ? ಆಟಗಾರರಿಗೆ ಹೊಸ ಆಯ್ಕೆ ಕೊಡುತ್ತದೆಯೇ, ಕಾಯುವ ಹೊತ್ತನ್ನು ಕಡಿಮೆ ಮಾಡುತ್ತದೆಯೇ, ಬಗೆಬಗೆಯ ಪಾತ್ರಗಳಿಗೆ ಜಾಗ ಮಾಡುತ್ತದೆಯೇ ಎಂದು ನೋಡಿದರೆ ಆವೃತ್ತಿಯ ಗುಣದೋಷ ತಿಳಿಯುತ್ತದೆ.

ಆವೃತ್ತಿಗಳ ಹಾದಿ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಟಿಎಸ್ಆರ್ ಸಂಸ್ಥೆ 1974ರಲ್ಲಿ ಪ್ರಕಟಿಸಿತು. ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳು ಇದರ ಮೂಲ. ಇಡೀ ಸೈನ್ಯದ ಬದಲು ಆಟಗಾರನ ಕೈಗೆ ಒಬ್ಬನೇ ವೀರನನ್ನು ಕೊಟ್ಟಿದ್ದು ಇದು ತಂದ ಹೊಸತನ. 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಟಿಎಸ್ಆರ್ ಅನ್ನು ಕೊಂಡಿತು. 2000ದಲ್ಲಿ ಬಂದ ಮೂರನೆಯ ಆವೃತ್ತಿ ಬಹುಪಾಲು ಕೆಲಸಗಳನ್ನು ಇಪ್ಪತ್ತು ಮುಖದ ಒಂದೇ ದಾಳದ ಲೆಕ್ಕಕ್ಕೆ ತಂದಿತು. 2008ರ ನಾಲ್ಕನೆಯದು ಚೌಕಗಳ ಮೇಲೆ ನಡೆಯುವ ಯುದ್ಧತಂತ್ರಕ್ಕೆ ಒತ್ತು ಕೊಟ್ಟಿತು. ಹಳೆಯ ಆಟಗಾರರಲ್ಲಿ ಹಲವರು ಅದನ್ನು ಒಪ್ಪಲಿಲ್ಲ. 2014ರ ಐದನೆಯದು ನಿಯಮಗಳನ್ನು ಹಗುರಗೊಳಿಸಿ, ಹೊಸಬರ ದೊಡ್ಡ ಸಮೂಹವನ್ನೇ ಕರೆತಂದಿತು.

ಈಗಿನ ಹೊಸ ಪುಸ್ತಕಗಳು ಮೂರು: 2024ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’, ಅದೇ ವರ್ಷದ ನವೆಂಬರ್ 12ರ ‘ಡಂಜನ್ ಮಾಸ್ಟರ್ಸ್ ಗೈಡ್’, 2025ರ ಫೆಬ್ರವರಿಯ ‘ಮಾನ್‌ಸ್ಟರ್ ಮ್ಯಾನ್ಯುಯಲ್’. ಪ್ರಕಾಶಕರು ಇದನ್ನು ಆರನೆಯ ಆವೃತ್ತಿ ಎಂದು ಕರೆದಿಲ್ಲ. ಐದನೆಯದರ ಎಲುಬುಗೂಡು ಹಾಗೇ ಇದೆ, 2014ರಿಂದ ಬಂದ ಸಾಹಸಕಥೆಗಳನ್ನು ಈ ನಿಯಮಗಳಲ್ಲೂ ಆಡಿಸಬಹುದು. ಹಾಗಾಗಿ ಇಲ್ಲಿ ಹುಡುಕಬೇಕಾದದ್ದು ಕ್ರಾಂತಿಯನ್ನಲ್ಲ, ಹತ್ತು ವರ್ಷದ ಬಳಕೆಯಿಂದ ಬಂದ ತಿದ್ದುಪಡಿಯನ್ನು.

ಒಂದು ಬೀಗ, ಎರಡು ಪುಸ್ತಕ

ಆಟದ ಹೃದಯದಲ್ಲಿರುವ ಲೆಕ್ಕ ಬದಲಾಗಿಲ್ಲ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಿಗೆ ಪಾತ್ರದ ಸಾಮರ್ಥ್ಯವನ್ನೂ ಪರಿಣತಿಯನ್ನೂ ಕೂಡಿಸಬೇಕು. ಮೊತ್ತ ಗುರಿಯನ್ನು ಮುಟ್ಟಿದರೆ ಕೆಲಸ ಆಯಿತು.

ಮೊದಲ ಹಂತದ, ಅಂದರೆ ಈಗಷ್ಟೇ ಸಾಹಸಕ್ಕಿಳಿದ, ಕಳ್ಳನ ಪಾತ್ರವೊಂದು ಬೀಗ ತೆಗೆಯುತ್ತಿದೆ ಎನ್ನೋಣ. ಗುರಿ 15. ಚುರುಕುತನದಿಂದ 3, ಸಲಕರಣೆಯ ಪರಿಣತಿಯಿಂದ 2, ಒಟ್ಟು 5 ಸೇರುತ್ತದೆ. ದಾಳದಲ್ಲಿ 10 ಅಥವಾ ಹೆಚ್ಚು ಬಿದ್ದರೆ ಬೀಗ ತೆರೆಯುತ್ತದೆ, ಅಂದರೆ ನೂರಕ್ಕೆ 55ರಷ್ಟು ಅವಕಾಶ. 2014ರ ಮೂಲ ಪುಸ್ತಕದ ಪ್ರಕಾರ ಲೆಕ್ಕ ಇಲ್ಲಿಗೆ ಮುಗಿಯಿತು. 2024ರ ಪುಸ್ತಕ ಇನ್ನೊಂದು ಮಾತು ಸೇರಿಸುತ್ತದೆ: ಸಲಕರಣೆಯಲ್ಲೂ ಅದಕ್ಕೆ ಹೊಂದುವ ಕೌಶಲದಲ್ಲೂ ಪರಿಣತಿ ಇದ್ದರೆ ಆ ಪಾತ್ರಕ್ಕೆ ಅಡ್ವಾಂಟೇಜ್ ಉಂಟು. ಅಂದರೆ ದಾಳವನ್ನು ಎರಡು ಬಾರಿ ಉರುಳಿಸಿ ದೊಡ್ಡ ಅಂಕಿಯನ್ನು ಉಳಿಸಿಕೊಳ್ಳಬಹುದು. ಕೈಚಳಕದ ಕೌಶಲವೂ ಇರುವ ಕಳ್ಳನ ಅವಕಾಶ ಈಗ ನೂರಕ್ಕೆ ಸುಮಾರು 80. ಒಂದು ಸಾಲಿನ ನಿಯಮದಿಂದ, ಕಸುಬು ಬಲ್ಲವನ ಕೈ ನಿಜವಾಗಿ ಪಳಗಿದ ಕೈಯಂತೆ ಕಾಣುತ್ತದೆ. ಹೊಸ ಆವೃತ್ತಿಯನ್ನು ಓದುವಾಗ ಇಂಥ ಸಣ್ಣ ಸಾಲುಗಳ ಬಳಿ ನಿಲ್ಲುವುದನ್ನು ಕಲಿಯಬೇಕು.

ಪಾತ್ರ ಕಟ್ಟುವ ಕ್ರಮ

2014ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪಾತ್ರ ಕಟ್ಟುವುದರಿಂದ ಶುರುವಾಗುತ್ತಿತ್ತು. ಆಡುವುದು ಹೇಗೆಂಬುದು ಬಹಳ ಹಿಂದೆ ಉಳಿಯುತ್ತಿತ್ತು. ಈಗ ಮೊದಲ ಅಧ್ಯಾಯವೇ ಆಡುವ ರೀತಿಯನ್ನು ಹೇಳುತ್ತದೆ, ಮೇಜಿನ ಸುತ್ತಲಿನ ಸಂಭಾಷಣೆಯ ಮಾದರಿಗಳೂ ಅಲ್ಲೇ ಇವೆ. ಪಾರಿಭಾಷಿಕ ಪದಗಳೆಲ್ಲ ಕೊನೆಯಲ್ಲಿ ಅಕಾರಾದಿಯಾಗಿ ಸಿಗುತ್ತವೆ. ಆಟದ ನಡುವೆ ಸಂದೇಹ ಬಂದಾಗ ಈ ಕೊನೆಯ ಪುಟಗಳೇ ಹೆಚ್ಚು ಬಳಕೆಗೆ ಬರುತ್ತವೆ. ಹೊಸಬರ ದೃಷ್ಟಿಯಿಂದ ಇಡೀ ಪುಸ್ತಕದ ದೊಡ್ಡ ಸುಧಾರಣೆ ಇದೇ.

ಕ್ಲಾಸ್ ಎಂದರೆ ಪಾತ್ರದ ಕಸುಬು: ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಟ್ಟು 12. ಪ್ರತಿಯೊಂದಕ್ಕೂ ಕವಲುಗಳಂಥ 4 ಉಪಕ್ಲಾಸ್‌ಗಳಿವೆ, ಅವೆಲ್ಲ ಮೂರನೆಯ ಹಂತದಲ್ಲೇ ದೊರೆಯುತ್ತವೆ. ಹಿಂದೆ ಕೆಲವರಿಗೆ ಮೊದಲ ಹಂತದಲ್ಲಿ, ಕೆಲವರಿಗೆ ಎರಡನೆಯದರಲ್ಲಿ, ಉಳಿದವರಿಗೆ ಮೂರನೆಯದರಲ್ಲಿ ದೊರೆಯುತ್ತಿದ್ದವು.

ಇನ್ನೂ ಆಳವಾದ ಬದಲಾವಣೆ ಹುಟ್ಟಿಗೆ ಸಂಬಂಧಿಸಿದ್ದು. 2014ರ ಪುಸ್ತಕದಲ್ಲಿ ಪಾತ್ರ ಯಾವ ಕುಲದಲ್ಲಿ ಹುಟ್ಟಿತು ಎಂಬುದರ ಮೇಲೆ ಸಾಮರ್ಥ್ಯದ ಅಂಕಗಳು ಏರುತ್ತಿದ್ದವು. ಈಗ ಅವು ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಸಾಹಸಕ್ಕೆ ಹೊರಡುವ ಮೊದಲು ಪಾತ್ರ ಬಾಳಿದ ಬದುಕಿನಿಂದ ಬರುತ್ತವೆ. ಪುಸ್ತಕದಲ್ಲಿರುವ 16 ಬ್ಯಾಕ್‌ಗ್ರೌಂಡ್‌ಗಳಲ್ಲಿ ಪ್ರತಿಯೊಂದೂ ಮೂರು ಸಾಮರ್ಥ್ಯಗಳನ್ನು ಹೆಸರಿಸುತ್ತದೆ, ಜೊತೆಗೆ ಫೀಟ್ ಎಂಬ ಒಂದು ವಿಶೇಷ ಶಕ್ತಿಯನ್ನೂ ಕೊಡುತ್ತದೆ. ಹುಟ್ಟಿಗಿಂತ ಬಾಳು ದೊಡ್ಡದು ಎಂಬ ಈ ನಿಲುವು ಆಟಕ್ಕೆ ಘನತೆ ತಂದಿದೆ. ಆದರೆ ಅದಕ್ಕೂ ಮಿತಿಯಿದೆ. ಸೈನಿಕನ ಬ್ಯಾಕ್‌ಗ್ರೌಂಡ್ ಏರಿಸುವುದು ಬಲ, ಚುರುಕುತನ, ದೇಹದಾರ್ಢ್ಯಗಳನ್ನು ಮಾತ್ರ. ಸೈನ್ಯ ಬಿಟ್ಟು ಮಂತ್ರ ಕಲಿತವನ ಪಾತ್ರ ಕಟ್ಟಹೊರಟವರಿಗೆ ಬುದ್ಧಿಶಕ್ತಿಯ ಅಂಕ ಅಲ್ಲಿ ಸಿಗುವುದಿಲ್ಲ. ಸ್ವಂತ ಬ್ಯಾಕ್‌ಗ್ರೌಂಡ್ ರಚಿಸುವ ದಾರಿ ಡಂಜನ್ ಮಾಸ್ಟರ್‌ನ ಪುಸ್ತಕದಲ್ಲಿದೆ. ಅದು ಆಟಗಾರರ ಪುಸ್ತಕದಲ್ಲೇ ಇರಬೇಕಿತ್ತು.

ಕಾಳಗದ ನಡೆ

ಹಳೆಯ ಪುಸ್ತಕದಲ್ಲಿ ಮಾಂತ್ರಿಕನಿಗೆ ನೂರು ದಾರಿ, ಯೋಧನಿಗೆ ಹೊಡೆಯುವುದೊಂದೇ ದಾರಿ ಎಂಬ ಕೊರಗಿತ್ತು. ಅದಕ್ಕೆ ಉತ್ತರವಾಗಿ ವೆಪನ್ ಮಾಸ್ಟರಿ ಬಂದಿದೆ. ಐದು ಕ್ಲಾಸ್‌ಗಳಿಗೆ ದಕ್ಕುವ ಈ ವಿದ್ಯೆಯಲ್ಲಿ ಪ್ರತಿ ಆಯುಧಕ್ಕೂ ಒಂದು ಗುಣ, ಒಟ್ಟು ಎಂಟು ಗುಣಗಳು. ಲಾಂಗ್‌ಸ್ವರ್ಡ್‌ನ ಪೆಟ್ಟು ತಿಂದವನ ಮುಂದಿನ ಹೊಡೆತ ದುರ್ಬಲವಾಗುತ್ತದೆ, ವಾರ್‌ಹ್ಯಾಮರ್ ಎದುರಾಳಿಯನ್ನು ಹತ್ತು ಅಡಿ ಹಿಂದಕ್ಕೆ ತಳ್ಳಬಲ್ಲದು, ಗ್ರೇಟ್‌ಸ್ವರ್ಡ್ ಗುರಿ ತಪ್ಪಿದರೂ ತುಸು ಗಾಯ ಮಾಡುತ್ತದೆ. ಕಣಿವೆಯ ಅಂಚಿನಲ್ಲಿ ನಿಂತ ರಾಕ್ಷಸನೆದುರು ಯಾವ ಆಯುಧ ಹಿಡಿಯಬೇಕೆಂಬುದು ಈಗ ನಿಜವಾದ ಪ್ರಶ್ನೆ. ಆಯುಧವನ್ನು ಬರೀ ಗಾಯದ ಲೆಕ್ಕದಿಂದ ಆರಿಸುವ ಕಾಲ ಹೋಯಿತು.

ಇದರ ಬೆಲೆಯೂ ಇದೆ. ಎದುರಾಳಿಯನ್ನು ಕೆಡವುವ ಟಾಪಲ್ ಗುಣ ಪ್ರತಿ ಪೆಟ್ಟಿಗೂ ಇನ್ನೊಂದು ದಾಳ ಕೇಳುತ್ತದೆ, ಆಟ ಅಷ್ಟು ನಿಧಾನವಾಗುತ್ತದೆ. ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಹಿಡಿದ ದಾರಿ ಇದಕ್ಕೆ ವಿರುದ್ಧ. ಮೊದಲು ತೋಳ ಕಚ್ಚಿದಾಗ ಪಾತ್ರ ನೆಲಕ್ಕೆ ಬಿತ್ತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡಬೇಕಿತ್ತು. ಈಗ ಕಚ್ಚಿದೊಡನೆ ಬೀಳುತ್ತದೆ. ತೋಳ ವೇಗವಾಯಿತು, ಭಯವೂ ಹೆಚ್ಚಿತು. ಇಡೀ ಆವೃತ್ತಿಯಲ್ಲಿ ಈ ಎರಡು ಸೆಳೆತಗಳು ಒಟ್ಟಿಗೇ ಇವೆ ಎಂಬುದನ್ನು ರಸಿಕರು ಗಮನಿಸಬೇಕು.

ಪ್ಯಾಲಡಿನ್ ಎಂಬ ಧರ್ಮವೀರನ ‘ಡಿವೈನ್ ಸ್ಮೈಟ್’ ಹಳಬರಲ್ಲಿ ಹೆಚ್ಚು ವಾದಕ್ಕೆ ಕಾರಣವಾಗಿದೆ. ಹಿಂದೆ ಒಂದೇ ಸರದಿಯ ಹಲವು ಪೆಟ್ಟುಗಳಿಗೆ ಅದನ್ನು ಸೇರಿಸಬಹುದಿತ್ತು. ಈಗ ಅದು ಸರದಿಗೆ ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಮಂತ್ರ. ಒಬ್ಬನೇ ಕಾಳಗವನ್ನು ಮುಗಿಸಿಬಿಡುವುದು ತಪ್ಪಿದ್ದರಿಂದ ಮೇಜಿನ ಉಳಿದವರಿಗೆ ಇದು ಒಳ್ಳೆಯದೇ.

ನಡೆಸುವವರ ಪುಸ್ತಕ

2014ರ ‘ಡಂಜನ್ ಮಾಸ್ಟರ್ಸ್ ಗೈಡ್’ ಹೊಸ ಲೋಕವನ್ನೇ ಸೃಷ್ಟಿಸುವ ಮಾತಿನಿಂದ ಆರಂಭವಾಗಿ ಹೊಸಬರನ್ನು ಹೆದರಿಸುತ್ತಿತ್ತು. ಹೊಸದು ಒಂದು ಸಂಜೆಯ ಆಟವನ್ನು ನಡೆಸುವುದು ಹೇಗೆಂಬುದರಿಂದ ತೊಡಗುತ್ತದೆ. ಐದು ಪುಟ್ಟ ಸಾಹಸಕಥೆಗಳೂ, ಮಾದರಿ ಲೋಕವಾಗಿ ಗೈಗ್ಯಾಕ್ಸ್ ಕಟ್ಟಿದ ಗ್ರೇಹಾಕ್ ಕೂಡ ಇದರಲ್ಲಿವೆ. ಪಾತ್ರಗಳು ಸ್ವಂತ ನೆಲೆ ಕಟ್ಟಿಕೊಳ್ಳುವ ಬ್ಯಾಸ್ಟಿಯನ್ ನಿಯಮಗಳೂ ಹೊಸವು. ಮೂರು ಪುಸ್ತಕಗಳಲ್ಲಿ ಕಲಿಸುವ ಕಾಳಜಿ ಹೆಚ್ಚು ಕಾಣುವುದು ಇದರಲ್ಲೇ.

ಮೊದಲ ಅಭಿಪ್ರಾಯ ಕಟ್ಟಿಕೊಳ್ಳುವುದು

ಮೊದಲ ಹಂತದ ಒಂದೇ ಆಟದಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಉಪಕ್ಲಾಸ್‌ಗಳು ತೆರೆದುಕೊಳ್ಳುವುದು ಮೂರನೆಯ ಹಂತದಲ್ಲಿ, ಯೋಧರಿಗೆ ಎರಡನೆಯ ಹೊಡೆತ ದೊರೆಯುವುದು ಐದನೆಯದರಲ್ಲಿ. ಈ ಮೂರು ಹಂತಗಳಲ್ಲಿ ಒಂದೊಂದು ಸಂಜೆ ಆಡಿದರೆ ಆವೃತ್ತಿಯ ಸ್ವಭಾವ ಗೊತ್ತಾಗುತ್ತದೆ. ಆಡುವಾಗ ನೋಡಬೇಕಾದವು ಕೆಲವು: ತಮ್ಮ ಸರದಿಗಾಗಿ ಯಾರು ಎಷ್ಟು ಹೊತ್ತು ಕಾದರು, ಪುಸ್ತಕ ತೆರೆಯಬೇಕಾದಾಗ ಬೇಕಾದ ನಿಯಮ ಬೇಗ ಸಿಕ್ಕಿತೇ, ಯಾರ ಪಾತ್ರವಾದರೂ ಮೂಲೆಗೆ ಸರಿಯಿತೇ, ನಿಯಮದಿಂದಾಗಿ ಕಥೆಗೆ ಯಾರೂ ಎಣಿಸದ ತಿರುವು ಬಂತೇ.

ಪುಸ್ತಕ ಕೊಳ್ಳುವ ಮೊದಲು ರುಚಿ ನೋಡಬೇಕೆನ್ನುವವರಿಗೆ ದಾರಿಯಿದೆ. ಆಟದ ತಿರುಳಿನ ನಿಯಮಗಳನ್ನು 2025ರ ಏಪ್ರಿಲ್‌ನಲ್ಲಿ ‘ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.2’ ಎಂಬ ಹೆಸರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಹೊರತರಲಾಗಿದೆ. ಮೂಲವನ್ನು ಸ್ಮರಿಸಿ ಯಾರು ಬೇಕಾದರೂ ಅದನ್ನು ಬಳಸಬಹುದು, ತಿದ್ದಬಹುದು, ಬೇರೆ ಭಾಷೆಗೆ ತರಬಹುದು. ಕನ್ನಡದಲ್ಲಿ ನಿಯಮಗಳನ್ನು ಬರೆದುಕೊಂಡು ಆಡಬಯಸುವವರಿಗೂ ಅದರಿಂದ ಅನುಮತಿ ಸಿಕ್ಕಂತಾಗಿದೆ.