ಹೆಸರಿನ ಮರೆ : ಒಂದು ವಿಮರ್ಶೆ

ಮುನಿರಾಬಾದಿನ ಪರಿಚಿತರ ಮನೆಯೊಂದರಲ್ಲಿ ಹೆಣ್ಣುಮಗುವಿನ ನಾಮಕರಣದ ಸಿದ್ಧತೆ ನಡೆದಿತ್ತು. ತೊಟ್ಟಿಲಿಗೆ ಹಾಕಲು ಎರಡೇ ದಿನ ಉಳಿದಿದ್ದರೂ ಹೆಸರು ನಿಶ್ಚಯವಾಗಿರಲಿಲ್ಲ. ಗಂಡಿಗೂ ಹೆಣ್ಣಿಗೂ ಸಲ್ಲುವ ಇಂಗ್ಲಿಷ್ ಹೆಸರೊಂದನ್ನು ಇಡಬೇಕೆಂಬುದು ವಿದ್ಯಾವಂತರಾದ ತಂದೆತಾಯಿಗಳ ಇಚ್ಛೆ. ಹುಡುಕಾಟವು ‘ರಾಬಿನ್’ ಎಂಬಲ್ಲಿಗೆ ಬಂದು ನಿಂತಿತ್ತು. ಅಜ್ಜಿಗೆ ಅದು ಸಮ್ಮತವಿರಲಿಲ್ಲ. ಕಾರಣವೇನೆಂದು ಕೇಳಿದಾಗ ತಾಯಿ ಮೆಲ್ಲನೆ ಹೇಳಿದಳು: “ನಾಳೆ ಅರ್ಜಿ ನೋಡಿದವ್ರಿಗೆ ಇಕಿ ಹೆಣ್ಣಂತ ಗೊತ್ತಾಗಬಾರದು, ಕಾಕಾ.” ಈ ಮಾತು ನನ್ನನ್ನು ಬಹುದಿನ ಕಾಡಿತು. ಅದರ ಗುಣದೋಷಗಳನ್ನು ವಾಚಕರ ಮುಂದೆ ಇಡಬಯಸುತ್ತೇನೆ.

ಮೊದಲು ಅಜ್ಜಿಯ ಆಕ್ಷೇಪಣೆ. ಹೆಸರು ಪರದೇಶದ್ದೆಂಬುದೇ ದೋಷವಾಗಲಾರದು. ಅವರು ವಾಸಿಸುವ ಊರಿನ ಹೆಸರನ್ನೇ ನೋಡಬಹುದು. ಪ್ರಾಚೀನ ಜೈನಕ್ಷೇತ್ರವಾದ ಕೊಪಣದ ಸಮೀಪದಲ್ಲಿರುವುದರಿಂದ ‘ಮುನಿರಾಬಾದ್’ ಎಂದೊಡನೆ ನಮ್ಮ ಕಿವಿಗೆ ‘ಮುನಿ’ ಕೇಳಿಸುತ್ತದೆ. ವಾಸ್ತವದಲ್ಲಿ ‘ಮುನೀರ್’ ಎಂಬುದು ‘ಬೆಳಗುವ’ ಎಂಬರ್ಥದ ಅರಬ್ಬಿ ಶಬ್ದ, ‘ಆಬಾದ್’ ಪಾರಸಿಯದು. ಆದರೂ ತುಂಗಭದ್ರೆಯ ಅಣೆಕಟ್ಟಿನೊಡನೆ ಬೆಳೆದ ಈ ಊರಿನವರಿಗೆ ಆ ಹೆಸರು ಪರಕೀಯವೆನಿಸುವುದಿಲ್ಲ. ಬಳಸಿದವರು ಅದನ್ನು ಸ್ವಂತವಾಗಿಸಿಕೊಂಡಿದ್ದಾರೆ. ರಾಬಿನ್ ಸಹ ಹಾಗೆಯೇ ಒಗ್ಗಿಹೋಗಬಹುದು.

ತಾಯಿಯ ಭಯವೂ ನಿರಾಧಾರವಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪ್ರಯೋಗಾಲಯದ ಹುದ್ದೆಗೆ ಬರೆದ ಒಂದೇ ಅರ್ಜಿಯನ್ನು ಕೆಲವು ವಿಜ್ಞಾನ ಪ್ರಾಧ್ಯಾಪಕರಿಗೆ ಜಾನ್ ಎಂಬ ಹೆಸರಿನಲ್ಲಿಯೂ, ಕೆಲವರಿಗೆ ಜೆನಿಫರ್ ಎಂಬ ಹೆಸರಿನಲ್ಲಿಯೂ ಕೊಡಲಾಯಿತು. ಒಟ್ಟು 127 ಮಂದಿ ಅದನ್ನು ಪರಿಶೀಲಿಸಿದರು. ಜಾನನೇ ಹೆಚ್ಚು ಸಮರ್ಥನೆನಿಸಿದನು. ಹೆಚ್ಚಿನ ಸಂಬಳಕ್ಕೂ ಅರ್ಹನೆನಿಸಿದನು. ಹಾಗೆ ತೂಗಿದವರಲ್ಲಿ ಸ್ತ್ರೀಯರೂ ಇದ್ದರೆಂಬುದು ಚಿಂತನೀಯ.

ಹೆಸರಿನ ಮರೆಯನ್ನು ಆಶ್ರಯಿಸಿದವರೂ ಹೊಸಬರಲ್ಲ. ಇಂಗ್ಲೆಂಡಿನ ಬ್ರಾಂಟೆ ಸೋದರಿಯರು 1846ರಲ್ಲಿ ತಮ್ಮ ಕವಿತೆಗಳನ್ನು ಕರರ್, ಎಲಿಸ್, ಆ್ಯಕ್ಟನ್ ಬೆಲ್ ಎಂಬ, ಗಂಡೋ ಹೆಣ್ಣೋ ತಿಳಿಯದ ಹೆಸರುಗಳಲ್ಲಿ ಪ್ರಕಟಿಸಿದರು. ಲೇಖಕಿಯರನ್ನು ಪೂರ್ವಗ್ರಹದಿಂದ ಕಾಣುತ್ತಾರೆಂಬ ಶಂಕೆಯೇ ಅದಕ್ಕೆ ಕಾರಣವೆಂದು ಷಾರ್ಲೆಟ್ ಬ್ರಾಂಟೆ 1850ರಲ್ಲಿ ತಿಳಿಸಿದಳು. ಮರೆಯಿಂದ ಅವರಿಗೆ ಪ್ರಯೋಜನವಾಗಲಿಲ್ಲವೆನ್ನಲಾಗದು. ಆದರೆ ಆಕೆಯದೇ ಇನ್ನೊಂದು ಕೃತಿ ಈ ಉಪಾಯದ ಮಿತಿಯನ್ನೂ ತೋರಿಸುತ್ತದೆ. 1849ರ ‘ಶರ್ಲಿ’ ಕಾದಂಬರಿಯ ನಾಯಕಿಯ ತಂದೆತಾಯಿಗಳು ಗಂಡುಮಗುವನ್ನು ಬಯಸಿದ್ದವರು. ಹೆಣ್ಣು ಹುಟ್ಟಿದಾಗ ಅದೇ ಗಂಡು ಹೆಸರನ್ನು ಮಗಳಿಗಿಟ್ಟರು. ಕಾದಂಬರಿಯ ತರುವಾಯ ಶರ್ಲಿ ಸ್ತ್ರೀಯರ ಹೆಸರಾಗಿ ಹಬ್ಬಿತು; ಕ್ರಮೇಣ ಗಂಡುಮಕ್ಕಳಿಗೆ ಇಡುವುದು ವಿರಳವಾಯಿತು.

ಇಲ್ಲಿಯೇ ವಿಮರ್ಶೆಯ ಮುಖ್ಯ ಪ್ರಶ್ನೆ ಏಳುತ್ತದೆ. ಉಭಯರಿಗೂ ಸಲ್ಲುವುದೆಂದು ನಾವು ಹುಡುಕುವ ಹೆಸರು ಎಷ್ಟೋ ವೇಳೆ ಗಂಡಿನ ಹೆಸರೇ ಆಗಿರುತ್ತದೆ. ರಾಬಿನ್ ಕೂಡ ಮೂಲದಲ್ಲಿ ರಾಬರ್ಟ್ ಎಂಬುದರ ಮುದ್ದಿನ ರೂಪ. ಕನ್ನಡದ ಕಿವಿಗೂ ಅದು ಗಂಡು ಹೆಸರೇ. ಮಗನಿಗೆ ಹೆಣ್ಣು ಹೆಸರಿಟ್ಟು ಸಮತೆಯನ್ನು ಸಾಧಿಸೋಣವೆಂದು ಹೊರಟ ತಂದೆಯನ್ನು ನಾನು ಕಂಡಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುವುದಾದರೆ ಅದನ್ನು ಸಮತೆಯೆನ್ನುವುದು ಹೇಗೆ? ಇಂಗ್ಲಿಷಿನ ಮೋಹವನ್ನು ಬಿಟ್ಟರೆ ಶಶಿ, ಕಿರಣ, ಸುಮನ್ ಎಂಬ ಹೆಸರುಗಳು ಎರಡೂ ಕಡೆ ಸಲ್ಲುತ್ತ ನಮ್ಮಲ್ಲಿಯೇ ಇವೆ. ಅದೂ ಅಲ್ಲದೆ ಕನ್ನಡದ ಕ್ರಿಯಾಪದ ಗುಟ್ಟನ್ನು ಉಳಿಸಿಕೊಡದು. ‘ರಾಬಿನ್ ಬಂದಳು’ ಎಂದೊಡನೆ ಮರೆ ಸರಿಯಿತು.

ಮರೆಯಿಲ್ಲದೆ ಹೆಣ್ಣಿನ ಹೆಸರಿಗೆ ಗೌರವ ಸಂದ ನಿದರ್ಶನವೂ ದೂರದ್ದಲ್ಲ. ಮುನಿರಾಬಾದಿನಿಂದ ಕೊಪ್ಪಳವನ್ನು ದಾಟಿ ಗದಗಿನ ಹಾದಿ ಹಿಡಿದರೆ ಲಕ್ಕುಂಡಿ ಸಿಗುತ್ತದೆ. ಅಲ್ಲಿ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು, ಚಾವುಂಡರಾಯನ ನೆನಪಿಗೆ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ‘ಅಬ್ಬೆ’ ಎಂದರೆ ತಾಯಿ. ಕೇಳಿದೊಡನೆ ಹೆಣ್ಣೆಂದು ತಿಳಿಯುವ ಹೆಸರದು. ರನ್ನನಿಗೆ ಅದು ಮರೆಮಾಡಬೇಕಾದ ಸಂಗತಿಯೆನಿಸಲಿಲ್ಲ. ಮಗಳಿಗೆ ಕೊಡಬಹುದಾದ ಆಸ್ತಿಯೆನಿಸಿತು.

ತತ್ತ್ವಾರ್ಥಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವವೆಂದು ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ಈ ವಿವೇಕ ಅಜ್ಜಿಗೂ ತಾಯಿಗೂ ಸಮಾನವಾಗಿ ಅನ್ವಯಿಸುತ್ತದೆ. ರಾಬಿನ್ ಎಂದ ಮಾತ್ರಕ್ಕೆ ಮಗು ಕುಲಗೆಡುವುದಿಲ್ಲ. ರಾಬಿನ್ ಎಂದ ಮಾತ್ರಕ್ಕೆ ಅರ್ಜಿ ನೋಡುವವನ ಮನಸ್ಸೂ ಶುದ್ಧವಾಗುವುದಿಲ್ಲ. ಸಂದರ್ಶನದ ಕೊಠಡಿಗೆ ಹೆಸರಲ್ಲ, ಹುಡುಗಿಯೇ ಹೋಗಬೇಕು.

ಹಾಗೆಂದು ಆ ತಾಯಿಯನ್ನು ದೂಷಿಸಲು ನನ್ನ ಮನಸ್ಸು ಒಪ್ಪದು. ಮಗಳ ಗುರುತನ್ನು ಮುಚ್ಚಬೇಕಾದ ಲೋಕವನ್ನು ಆಕೆ ನಿರ್ಮಿಸಲಿಲ್ಲ. ನಿರ್ಮಿಸಿದವರಲ್ಲಿ ನನ್ನಂಥ ಹಿರಿಯರಿದ್ದೇವೆ. ನಾನು ಆಕೆಗೆ ಹೇಳಿದ್ದು ಇಷ್ಟೇ: ಹೆಸರು ಇಷ್ಟವಾಗಿದ್ದರೆ ಅವಶ್ಯವಾಗಿ ಇಡು, ಭಯಕ್ಕಾಗಿ ಮಾತ್ರ ಇಡಬೇಡ. ನನಗೇಕೆ ಈ ಹೆಸರೆಂದು ಮಗಳು ಒಂದು ದಿನ ಕೇಳಿಯೇ ಕೇಳುತ್ತಾಳೆ. ‘ನೀನು ಹೆಣ್ಣೆಂದು ತಿಳಿಯದಿರಲೆಂದು’ ಎಂಬ ಉತ್ತರವನ್ನು ಆಕೆಯ ಮುಖ ನೋಡಿ ಹೇಳಬಲ್ಲೆಯಾ?

ಆಕೆ ಉತ್ತರಿಸಲಿಲ್ಲ. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ಯಾವುದೆಂಬುದು ಆ ಮನೆಯವರಿಗೆ ಸೇರಿದ ವಿಷಯ. ಆ ಹೆಸರಿನ ಅರ್ಜಿ ನಾಳೆ ನಮ್ಮಲ್ಲೊಬ್ಬರ ಮೇಜಿನ ಮೇಲೆ ಬಂದಾಗ ಅದನ್ನು ಹೇಗೆ ಓದುತ್ತೇವೆಂಬುದು ನಮಗೆ ಸೇರಿದ ವಿಷಯ.